ಚಾಪೆಯಗಲ

ಎರಡು ಸಾವಿರದ ನಲವತ್ತೈದರ ವಿಶ್ವವಿದ್ಯಾಲಯ
ನನ್ನ ಮೇಜಿನ ಮೇಲೆ ಸುರುಳಿ ಬಿಚ್ಚಿ ಮಲಗಿದೆ.
ನಾಲ್ಕು ಮೂಲೆಗೆ ನಾಲ್ಕು ಭಾರ:
ಸ್ಟೇಪ್ಲರ್, ಟಿಫಿನ್ ಡಬ್ಬಿ, ತುಂಗೆಯ ಒಂದು ಬೆಣಚುಕಲ್ಲು,
ಮತ್ತೆ ನನ್ನ ಎಡಗೈ.

ಹಳದಿ ಎಂದರೆ ವಸತಿ. ನೀಲಿ, ಪ್ರಯೋಗಾಲಯ.
ಹಸಿರು ಎಂದರೆ ಇನ್ನೂ ತೀರ್ಮಾನವಾಗದ್ದು.
ಕುಂಸಿ ಕಡೆಯಿಂದ ಬೀಸುವ ಗಾಳಿಗೆ
ಯಾವ ಬಣ್ಣವನ್ನೂ ಗೊತ್ತು ಮಾಡಿಲ್ಲ.

ಸಲಹೆಗಾರರು ಕಾರಿನಿಂದಿಳಿದು, ಜಿಗಣೆಗೆ ಹೆದರಿ
ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡು ಕೇಳಿದರು:
ಹುಡುಗಿಯರ ಹಾಸ್ಟೆಲಿನಲ್ಲಿ ಎಷ್ಟು ಜನ?
ವಾರ್ಡನ್ ರಿಜಿಸ್ಟರ್ ತೆರೆದರು. ಇನ್ನೂರ ನಲವತ್ತು.
ಮಂಜೂರಾದ ಮಂಚ? ಇನ್ನೂರ ನಲವತ್ತು.
ಲೆಕ್ಕ ಎಷ್ಟು ಚೆಂದ ಕೂತಿತು,
ಹಸೆಯ ಮೇಲೆ ಗಂಡು ಹೆಣ್ಣು ಕೂತ ಹಾಗೆ.

ಅಡುಗೆಮನೆಯ ಗಾಮಮ್ಮನನ್ನು ಯಾರೂ ಕೇಳಲಿಲ್ಲ.
ನಾನು ಕೇಳಿದೆ. ಕೇಳಿದ್ದೇ ತಪ್ಪಾಯಿತೇನೋ.
ಸೌಟನ್ನು ಹಂಡೆಯ ಅಂಚಿಗೆ ಕುಟ್ಟಿ ಹೇಳಿದಳು:
“ಕಾಗದ ಎಷ್ಟಂತೈತೋ ನಂಗೊತ್ತಿಲ್ಲ ಕಣವ್ವ,
ಅನ್ನ ಮುನ್ನೂರ ತೊಂಬತ್ತೊಂದು ಅಂತೈತೆ.”

ನೂರ ಐವತ್ತೊಂದು.
ಅವರಿಗೊಂದು ಹೆಸರಿದೆ, ಹಾಸ್ಟೆಲಿನಲ್ಲೇ ಹುಟ್ಟಿದ್ದು: ಪ್ಯಾರಾಸೈಟ್.
ಬೈಗುಳವಲ್ಲ ಅದು, ನೆಂಟಸ್ತಿಕೆ.
ಸೀಟು ಸಿಕ್ಕದ ಸೊರಬದ ಜಬೀನಾ,
ಶಿಕಾರಿಪುರದ ತಾಂಡಾದ ಸೀತಿಬಾಯಿ,
ಅರ್ಜಿಯ ಕೊನೆಯ ದಿನ ಬಸ್ಸು ತಪ್ಪಿದ ನಿಟ್ಟೂರಿನ ಇನ್ನೊಬ್ಬಳು;
ಗೆಳತಿಯ ತಟ್ಟೆಯಲ್ಲಿ ಅರ್ಧ, ಗೆಳತಿಯ ಕೊಡೆಯಲ್ಲಿ ಅರ್ಧ,
ವಾರ್ಡನ್ ಬರುವಾಗ ಬಚ್ಚಲಲ್ಲಿ ಪೂರ್ತಿ.

ನಾನು ಹದಿನೇಳನೇ ರೂಮಿನವಳು.
ಎರಡು ವರ್ಷ, ಸುಗಂಧಿಯ ಮಂಚದ ಕೆಳಗೆ.
ಅಲ್ಲಿಂದ ಕಾಣುತ್ತಿದ್ದುದು ಒಂಬತ್ತು ಕಬ್ಬಿಣದ ಪಟ್ಟಿ,
ನನಗಿಂತ ಮೊದಲು ಮಲಗಿದ್ದವಳ್ಯಾರೋ
ಸೀಮೆಸುಣ್ಣದಲ್ಲಿ ಬರೆದಿಟ್ಟ ಒಂದು ಸೂತ್ರ.
ಅದನ್ನು ನೋಡಿ ನೋಡಿಯೇ ಸರ್ವೇ ಪೇಪರು ಪಾಸಾದೆ.
ಸುಗಂಧಿ ಮಗ್ಗುಲಾದರೆ ನನ್ನ ಕಣ್ಣಿಗೆ ತುಕ್ಕು.
ಅಂಕಪಟ್ಟಿ ಇದೆ, ಪದವಿ ಇದೆ,
ಇದೇ ಕಚೇರಿಯ ಗುರುತಿನ ಚೀಟಿ ಕೊರಳಲ್ಲಿದೆ.
ಇಲ್ಲಿ ನಾನು ಮಲಗೆದ್ದುದಕ್ಕೆ ಮಾತ್ರ ಪುರಾವೆಯಿಲ್ಲ.

ಸಭೆಗೆ ಬಿಸ್ಕತ್ತು ಬಂತು. ಈಜುಕೊಳ ಬಂತು.
ಬಯಲು ರಂಗಮಂದಿರ ಬಂತು, ಸುತ್ತ ಮೆಟ್ಟಿಲು, ನಡುವೆ ತಗ್ಗು;
ಜೂನಿನಲ್ಲಿ ಅದು ತಾನೇ ಈಜುಕೊಳವಾದೀತೆಂದು
ಯಾರೂ ಹೇಳಲಿಲ್ಲ.
ಬಟ್ಟೆ ಒಣಗಿಸಲೊಂದು ಕೋಣೆ, ಅಂದೆ.
ಮಳೆಗಾಲ ಪೂರ್ತಿ ಹಸಿ ಚೂಡಿದಾರದಲ್ಲೇ
ಪರೀಕ್ಷೆ ಬರೀತಾರೆ ಸರ್.
“ಅದಕ್ಕೆ ಹೆಡ್ ಇಲ್ಲವಲ್ಲ ಮೇಡಂ,” ಅಂದರು ಲೆಕ್ಕಾಧಿಕಾರಿ.
ಪಾಪ, ಒಳ್ಳೆಯವರೇ. ಅವರ ಕರವಸ್ತ್ರವೂ ಒದ್ದೆಯಿತ್ತು.

ನೂರ ಐವತ್ತೊಂದು ಅನ್ನಲು ಬಾಯಿ ತೆರೆದೆ.
ಅಂದರೆ ನಾಳೆ ಬೆಳಿಗ್ಗೆ ತಪಾಸಣೆ,
ನಾಳೆ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ನೂರ ಐವತ್ತೊಂದು ಬ್ಯಾಗು.
ತೆರೆದ ಬಾಯಿಗೆ ಬಿಸ್ಕತ್ತು ಇಟ್ಟುಕೊಂಡೆ.

ಈಗ ರಾತ್ರಿ. ಹೊಸ ಹಾಸ್ಟೆಲಿನ
ಒಂದೊಂದೇ ಕೋಣೆ ಎಳೆಯುತ್ತಿದ್ದೇನೆ.
ಕಿಟಕಿ ಪಶ್ಚಿಮಕ್ಕೆ ಬೇಡ, ಇರಚಲು ಹೊಡೆಯುತ್ತದೆ.
ಮೂವರಿಗೆ ಮೂರು ಮಂಚ.
ಕೊನೆಯ ಮಂಚಕ್ಕೂ ಗೋಡೆಗೂ ನಡುವೆ
ಎರಡೂವರೆ ಅಡಿ ಸುಮ್ಮನೆ ಬಿಡುತ್ತೇನೆ,
ಪ್ರತಿ ಕೋಣೆಯಲ್ಲೂ.

“ಇದೇನ್ರೀ ಇಷ್ಟು ವೇಸ್ಟು ಜಾಗ?”
ಕೇಳುತ್ತಾರೆ, ಕೇಳಲಿ.
ಓಡಾಟಕ್ಕೆ ಸರ್, ನಿಯಮದಲ್ಲಿದೆ, ಅನ್ನುತ್ತೇನೆ.
ನಿಯಮದಲ್ಲಿಲ್ಲ.

ಅಡುಗೆಮನೆಯ ಪುಟದಲ್ಲಿ ಮಾತ್ರ,
ಮುನ್ನೂರು ಹುಡುಗಿಯರು ಅಂತ ಮೇಲೆ ಬರೆದು
ಕೆಳಗೆ ಐನೂರಕ್ಕೆ ಒಲೆ ಹಾಕಿದ್ದೇನೆ.
ಒಲೆಯನ್ನು ಯಾರು ಎಣಿಸುತ್ತಾರೆ.