ಹತ್ತು ಮೀಟರ್

ಗಾಜಿನ ಮೇಲೆ ಹಳದಿ ಬಟ್ಟೆ ಹಾಸಿ
ಮೂರನ್ನು ಇಟ್ಟರು ಮೊಹಸಿನ್ ಸಾಬರು,
ಮದುವೆಗೆ ಬಳೆ ತೋರಿಸುವವರ ಹಾಗೆ.

ಒಂದು ಜರ್ಮನಿಯದು. ಬೆಲೆ ಕೇಳಿ
ಚಾಚಿದ ಕೈ ಹಿಂದಕ್ಕೆ ತಗೊಂಡೆ.
ಇನ್ನೊಂದು ಗ್ಯಾಸಿನದು, ಕರ್ರಗೆ, ಸಿನಿಮಾ ಖಳನದು.
ಅಗ್ಗವೇ. ಆದರೆ ಬೆರಳುದ್ದದ ಸಿಲಿಂಡರು
ನಲವತ್ತು ಗುಂಡಿಗೆ ಖಾಲಿಯಂತೆ.
ಈ ಲೆಕ್ಕ ನನಗೆ ಗೊತ್ತು:
ಬಸ್ಸು ಕೊಳ್ಳುವುದು ಒಂದು ದಿನ, ಡೀಸೆಲ್ಲು ದಿನಾ.

ಮೂರನೆಯದು ಸ್ಪ್ರಿಂಗಿನದು.
ನಳಿಗೆಯನ್ನು ಕೆಳಗೆ ಬಗ್ಗಿಸಬೇಕು, ಪ್ರತಿ ಸಲ,
ಒಂದೊಂದೇ ಗುಂಡಿಗೆ.
"ಮೇಡಂ, ನಿಮ್ಮ ಕೈಲಿ ಆಗುತ್ತಾ?"
ಸಂಜೆ ಮಾರ್ಕೆಟ್ ಬಿಡುವ ಹಳೇ ಬಸ್ಸಿನ ಬಾಗಿಲನ್ನು
ಹೆಗಲಲ್ಲಿ ಒತ್ತಿ ಮುಚ್ಚಿದವಳು ನಾನು, ಹತ್ತೊಂಬತ್ತು ವರ್ಷ.
ಬಗ್ಗಿತು. ಕಟಕ್ ಅಂತು.
ಟ್ರಿಗರ್ ಮಾತ್ರ ಬಿಗಿ,
ಮೊದಲನೇ ಗೇರಿಗೆ ಬೀಳಲು ಒಲ್ಲದ ಗಾಡಿ.

"ಮೊದಲನೆಯದಕ್ಕೆ ಇಷ್ಟು ಸಾಕು," ಅಂದರು ಸಾಬರು.
"ಉಳಿದ ದುಡ್ಡಿಗೆ ಪೆಲೆಟ್ ತಗೊಳ್ಳಿ.
ತಪ್ಪು ಹೊಡೆಯೋದಕ್ಕೂ ಖರ್ಚಿದೆಯಲ್ಲ."
ಮೂರೂವರೆ ಸಾವಿರ, ಆಧಾರ್ ನಕಲು ಒಂದು,
ಐನೂರು ಪೆಲೆಟ್ಟಿನ ತಗಡಿನ ಡಬ್ಬಿ.

ಯಾರನ್ನ ಹೊಡೆಯೋಕೆ? ಎಲ್ಲರೂ ಕೇಳಿದರು.
ಡಿಪೋದ ನಿಂಗಮ್ಮ ನಕ್ಕು, ತಾನೇ ಒಂದು ಪಟ್ಟಿ ಕೊಟ್ಟಳು.
ಮೇಲಿನ ಮನೆಯ ಫಿಲೋಮಿನಾ
ಇನ್ನೂ ಒಣಗದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ಯಾರನ್ನೂ ಅಲ್ಲ.
ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲಲು ಕಲಿತ ಕಾಲು
ನಿಂತ ನೆಲದ ಮೇಲೆ ನಿಲ್ಲುವುದನ್ನು ಮರೆತಿದೆ.
ದೇವರ ಮುಂದೆ ಕೈ ಮುಗಿದರೂ ಮೈ
ಹೆಬ್ಬಾಳದ ತಿರುವು ತಗೊಳ್ಳುತ್ತದೆ.
ಇದನ್ನು ಯಾರಿಗೆ ಹೇಳಲಿ?
ಕಾಗದಕ್ಕೆ ಹೊಡೆಯೋಕೆ, ಅಂದೆ.

ಆಟದ ನಿಯಮ ಹತ್ತು ಮೀಟರ್.
ಲಿಂಗರಾಜಪುರದಲ್ಲಿ ಹತ್ತು ಮೀಟರ್ ಖಾಲಿ ಜಾಗ
ಯಾರಪ್ಪನ ಮನೆಯದು?
ಟೇಪು ಹಿಡಿದು ಅಳೆದೆ: ಕಾಂಪೌಂಡಿನಿಂದ
ಒಗೆಯುವ ಕಲ್ಲಿಗೆ ಐದು,
ಸಂಪಿನ ಮುಚ್ಚಳ ದಾಟಿ ಏಳೂವರೆ,
ಅಲ್ಲಿಗೆ ಹಿತ್ತಲು ಮುಗಿದು ಬಚ್ಚಲ ಬಾಗಿಲು.
ತೆಗೆದು ಒಳಗೆ ಹೋದೆ, ಹಂಡೆಗೆ ಬೆನ್ನು ತಾಗಿಸಿದೆ:
ಒಂಬತ್ತು ಮುಕ್ಕಾಲು.
ಉಳಿದ ಕಾಲು ಮೀಟರನ್ನು ಓನರಿಗೇ ಬಿಟ್ಟೆ.

ತಗಡಿಟ್ಟರೆ ಗುಂಡು ತಿರುಗಿ ಬರುತ್ತದೆ, ಎಂದಿದ್ದರು ಸಾಬರು.
ಪಾಟರಿ ಟೌನಿನಿಂದ ಜೇಡಿಮಣ್ಣು ತಂದು
ಮರದ ಪೆಟ್ಟಿಗೆಗೆ ಮೆತ್ತಿದೆ, ಮೂರು ಬೆರಳು ದಪ್ಪ.
ಪಕ್ಕದ ಗೇಟಿಗೆ ಚಿಲಕ. ಕಣ್ಣಿಗೆ ಕನ್ನಡಕ.

ಗುರಿಯ ಕಾಗದ ಕೊಳ್ಳಲಿಲ್ಲ.
ಟಿಕೆಟ್ಟಿನ ಹಿಂದೆ ಬಾಕಿ ಬರೆದು
ಸುತ್ತ ಸೊನ್ನೆ ಸುತ್ತಿ ಪಳಗಿದ ಕೈ ಇದು.
ಇಳಿಯುವಾಗ ಇಸ್ಕೊಳ್ಳಿ, ಅನ್ನುತ್ತಿದ್ದೆ.
ಇಳಿಯುವಾಗ ಮರೆತವರು ಎಷ್ಟು ಜನ,
ನಾನೂ ಮರೆತವಳಂತೆ ಕಿಟಕಿ ನೋಡಿದ್ದು ಎಷ್ಟು ಸಲ.
ಅದೇ ಸೊನ್ನೆ ಬರೆದೆ, ಸ್ವಲ್ಪ ದೊಡ್ಡದು,
ಒಳಗೆ ಏಳು ರೂಪಾಯಿ.

ಉಸಿರು ಬಿಟ್ಟೆ. ಅರ್ಧ ಹಿಡಿದೆ.
ಮುಂದಿನ ಮೊಳೆ ಹಿಂದಿನ ಕಚ್ಚಿನಲ್ಲಿ ಕೂರಬೇಕು.
ಕೂರುವಷ್ಟರಲ್ಲಿ ಪಾದ
ಯಾವುದೋ ಹಂಪು ಹತ್ತಿ ಇಳಿಯಿತು.

ಐದು ಗುಂಡು. ಮೂರು ಬರಿ ಮಣ್ಣಿಗೆ.
ಒಂದು ಕಾಗದದ ಮೂಲೆಗೆ, ಸೊನ್ನೆಯಿಂದ ದೂರ.
ಐದನೆಯದು ಎಲ್ಲಿ ಹೋಯಿತೋ.

ಕತ್ತಲಾದ ಮೇಲೆ ಟಾರ್ಚ್ ಹಿಡಿದು
ಒಗೆಯುವ ಕಲ್ಲಿನ ಸುತ್ತ ಬಗ್ಗಿ ಹುಡುಕಿದೆ,
ಸೀಟಿನಡಿ ಉರುಳಿದ ನಾಣ್ಯಕ್ಕೆ ಬಗ್ಗುವಂತೆ.
ಮೇಲಿನಿಂದ ಫಿಲೋಮಿನಾ: "ಏನ್ ಬಿತ್ತು?"
"ಚಿಲ್ಲರೆ," ಅಂದೆ.
ಅವರು ಹಿತ್ತಲ ಕಡೆಯ ದೀಪ ಹಾಕಿದರು.