ಹನ್ನೊಂದು ಅಡಿ

ಮೂಡಿಗೆರೆಯ ಕೊನೆ ಬಸ್ಸು ಇಳಿಸಿದ್ದು ಚೆಕ್‌ಪೋಸ್ಟಿನಲ್ಲಿ.
ಮೇಲಕ್ಕೆ ಒಂದೇ ಜೀಪು,
ಅದರಲ್ಲಿ ನಾನು, ಎರಡು ಗ್ಯಾಸ್ ಸಿಲಿಂಡರು,
ಇಂಜೆಕ್ಷನ್ ಚುಚ್ಚಿಸಿಕೊಂಡ ತೋಳು ಉಜ್ಜುತ್ತಾ ಒಬ್ಬಳು ಹುಡುಗಿ.

ತಂಗುಮನೆಗೆ ಯಜಮಾನರಿಲ್ಲ.
ಒಂಬತ್ತು ಮನೆ, ವಾರಕ್ಕೊಬ್ಬರ ಸರದಿ.
'ಈ ವಾರ ನಂದು, ಉಪ್ಪು ಜಾಸ್ತಿಯಾದ್ರೆ ನನ್ನೇ ಬೈಯಿರಿ'
ಅಂದರು ಚೆನ್ನೀರಮ್ಮ.
ಕಂಬಳಿ ಮಾತ್ರ ಹಲೀಮಾ ಅವರ ಮನೆಯದು,
ಅದಕ್ಕೆ ಲವಂಗದ ವಾಸನೆ.

ಗೋಡೆಯ ಮೊಳೆಗೆ ನೇತುಬಿದ್ದ ಲೆಕ್ಕದ ಪುಸ್ತಕ,
ಯಾರು ಬೇಕಾದರೂ ಓದಬಹುದು.
ಅರಸೀಕೆರೆ ಮೇಷ್ಟ್ರು, ಎರಡು ರಾತ್ರಿ: ಜೀಪಿನ ಕ್ಲಚ್ ಪ್ಲೇಟು.
ಪುಣೆಯ ಗಂಡ ಹೆಂಡತಿ: ಅಂಗನವಾಡಿಗೆ ಹೆಂಚು.
ಕೊನೆಗೆ ನನ್ನ ಹೆಸರು, ಒಂದು ಒತ್ತು ತಪ್ಪಿ,
ಒಂದು ರಾತ್ರಿ: ಪೈಪು, ಹನ್ನೊಂದು ಅಡಿ.

ಕಣಿವೆಯ ಗಾಳಿ ರಾತ್ರಿಯೆಲ್ಲ ಅಗುಳಿ ಅಲ್ಲಾಡಿಸಿತು.
ಎದ್ದು ಕೂತರೆ ಅಡಿ ಕಮ್ಮಿಯಾದೀತೇನೋ ಅಂತ
ಕಣ್ಣು ಮುಚ್ಚಿಕೊಂಡೇ ಇದ್ದೆ.

ಬೆಳಿಗ್ಗೆ ಹುಲ್ಲಿನಲ್ಲಿ ಪೈಪು ಹಿಡಿದು ಹತ್ತಿದೆ.
ಒರತೆ ಇನ್ನೂ ಎಷ್ಟೋ ಮೇಲೆ.
ಬಂಡೆಯೊಂದರ ಬಳಿ ಪೈಪು ಬಾಯಿ ತೆರೆದು ನಿಂತಿತ್ತು,
ಒಳಗೊಂದು ಇರುವೆ.

ಅಲ್ಲಿಂದ ಹಿಮ್ಮಡಿಗೆ ಬೆರಳು ತಾಗಿಸಿ
ಹನ್ನೊಂದು ಎಣಿಸಿದೆ.
ಗುರುತಿಗೆ ಕಲ್ಲೊಂದನ್ನಿಟ್ಟು
ಇಳಿದು ಬಂದೆ.