ಬಿಳಿ ಕೈಗವಸು

"ರಸ್ತೆಯ ನಿಯಮ ಕಾಯುವವರು ಯಾರು?"
ಕರಿಹಲಗೆಯ ಮೇಲೆ ದುಂಡಗೆ ಬರೆದು
ಕೈಯ ಸುಣ್ಣ ಕೊಡವಿಕೊಂಡೆ.
ಮುಂದಿನ ವರ್ಷ ಒಂದನೇ ತರಗತಿಗೆ ಹೋಗಲಿರುವ
ಮೂವತ್ತೊಂದು ಬಾಯಿ, ಅರ್ಧಕ್ಕರ್ಧ ಮುಂದಿನ ಹಲ್ಲು ಬಿದ್ದವು,
ಒಟ್ಟಿಗೇ ತೆರೆದವು.

ನನಗೆ ಬೇಕಿದ್ದ ಉತ್ತರ ಗೋಡೆಗೇ ಅಂಟಿತ್ತು:
ಬಿಳಿ ಅಂಗಿ, ಬಿಳಿ ಟೋಪಿ, ಮುಂದೆ ಚಾಚಿದ ಅಂಗೈ,
ಯಾರನ್ನೂ ಮೆಚ್ಚದ, ಯಾರನ್ನೂ ಬೈಯದ
ಚಾರ್ಟಿನ ಮುಖ.

"ಕಲೋಲಿ!" ಎಂದು ಕೂಗಿದಳು ನಂತುಮೆ.
ನಮ್ಮ ಕಂಪಾಲದ ತಿಪ್ಪೆಕೊಕ್ಕರೆ.
ವಂಡೆಗೆಯ ಕೂಡುರಸ್ತೆಯಲ್ಲಿ ದೀಪದ ಕಂಬ ಏರಿ
ಬೋಳುತಲೆ ತಗ್ಗಿಸಿ, ಗಂಟಲ ಚೀಲ ಜೋಲುಬಿಟ್ಟು
ನಿವೃತ್ತಿ ಒಲ್ಲದ ಇನ್‌ಸ್ಪೆಕ್ಟರಂತೆ
ಹೊತ್ತು ಮುಳುಗುವ ತನಕ ನಿಂತೇ ಇರುತ್ತದಲ್ಲ, ಅದು.
"ಅದು ಎಲ್ಲರನ್ನೂ ನೋಡುತ್ತೆ ಟೀಚರ್,
ಯಾರಿಗೂ ಏನೂ ಅನ್ನಲ್ಲ."

"ಕೆಂಪು ದೀಪ" ಎಂದ ಕಿಗೋಜಿ.
"ಕರೆಂಟು ಇದ್ದರೆ" ಎಂದಳು ಪಕ್ಕದವಳು.
ಬೋಡಾ ಬೈಕು ಓಡಿಸುವವನ ಮಗ ವಾಸ್ವ
ತುಂಬ ಯೋಚಿಸಿ ಎದ್ದು ನಿಂತ:
"ಗುಂಡಿ. ನಮ್ಮಪ್ಪ ಪೊಲೀಸಿಗೆ ನಿಲ್ಲಲ್ಲ,
ಗುಂಡಿಗೆ ನಿಲ್ತಾನೆ."
ಯಾವುದನ್ನೂ ತಪ್ಪೆನ್ನಲು ಬಾಯಿ ಬರದೆ
ಒಂದೊಂದಕ್ಕೂ ಒಂದೊಂದು ನಕ್ಷತ್ರ ಕೊಟ್ಟೆ.

ಕೊನೆಯ ಬೆಂಚಿನ ಅಪಿಯೊ ಕೈ ಎತ್ತಲಿಲ್ಲ.
"ನಮ್ಮಮ್ಮ" ಎಂದಳು, ಪೆನ್ಸಿಲಿಗೆ ಹೇಳುವಂತೆ.
ಸಂಜೆ ಇದ್ದಿಲ ಇಸ್ತ್ರಿಪೆಟ್ಟಿಗೆ ಊದಿ ಊದಿ
ಬಿಳಿ ಸಮವಸ್ತ್ರದ ಗೆರೆ ತೀಡುವ,
ಮೂಗು ಸೀಟಿದರೆ ಕರವಸ್ತ್ರ ಕಪ್ಪಾಗುವ,
ನಿದ್ದೆಯಲ್ಲೂ ಬಲಗೈ ಎತ್ತಿ
ಯಾರನ್ನೋ ನಿಲ್ಲಿಸುವ ಅಮ್ಮ.

ಗುರುವಾರ ಮಕ್ಕಳಿಗೆ ಹಗ್ಗ ಹಿಡಿಸಿ ಕರೆದೊಯ್ದೆ.
ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ.
ನಡುರಸ್ತೆಯ ಸಿಮೆಂಟು ಕಟ್ಟೆಯ ಮೇಲೆ ಅವಳು.
ಒಂದು ಅಂಗೈ. ಅಷ್ಟಕ್ಕೇ
ಬಾಳೆಗೊನೆ ಹೇರಿದ ಲಾರಿ ಉಸ್ಸೆಂದು ನಿಂತಿತು,
ಹದಿನಾಲ್ಕು ಸೀಟಿನ ವ್ಯಾನುಗಳು ಒಂದರ ಬೆನ್ನಿಗೊಂದು ನಿಂತವು,
ವಾಸ್ವನ ಅಪ್ಪನೂ ನಿಂತ, ಮಗನನ್ನು ಕಂಡು ತಲೆ ಕೆರೆದುಕೊಂಡ.
ಕೆಂಪು ಮಣ್ಣು ಮೆತ್ತಿದ ಅರವತ್ತೆರಡು ಬೂಟುಗಳು
ಕಪ್ಪು ಬಿಳಿ ಪಟ್ಟೆ ತುಳಿದು ಹೊರಟವು.

ಅರ್ಧ ದಾರಿಯಲ್ಲಿ ಸೈರನ್ನು.
ಸೀಟಿ ಕಿರುಚಿತು, ಹಗ್ಗ ಜಗ್ಗಿತು,
ಕಟ್ಟೆಗೆ ಒತ್ತಿ ನಿಂತೆವು, ಹದ್ದು ಕಂಡ ಕೋಳಿಮರಿಗಳ ಹಾಗೆ.
ಕಪ್ಪು ಗಾಜಿನ ಕಾರು ಒಂದು, ಎರಡು, ಐದು.
ಕೆಂಪು ದೀಪ ಇತ್ತು. ಕರೆಂಟೂ ಇತ್ತು.
ಅದೇ ಕೈ ಹಣೆಗೇರಿ ಸಲಾಮಾಯಿತು.

ಧೂಳು ಇನ್ನೂ ಕೂತಿರಲಿಲ್ಲ,
"ಅದು ಆಂಬುಲೆನ್ಸಾ?" ಎಂದಳು ನಂತುಮೆ.
"ಅಲ್ಲ."
"ಬೆಂಕಿ ಆರಿಸೋದಾ?"
"ಅಲ್ಲ ಕಂದ."
"ಮತ್ತೆ?"
ಇದಕ್ಕೆ ಚಾರ್ಟಿನಲ್ಲಿ ಚಿತ್ರವಿಲ್ಲ.
ನನ್ನ ಪಾಠದ ಟಿಪ್ಪಣಿಯಲ್ಲಿ 'ಗಣ್ಯರು' ಅಂತ ಒಂದು ಸಾಲಿತ್ತು,
ಅದನ್ನು ಓದಲಿಲ್ಲ.
ಮೇಲೆ ಕಂಬದಲ್ಲಿ ಕಲೋಲಿ ಕೊಕ್ಕು ಕಟಕಟಿಸಿತು.
ಅಪಿಯೊ ತನ್ನ ಬೂಟಿನ ಲೇಸನ್ನೇ ನೋಡುತ್ತಿದ್ದಳು.
ಅವಳಮ್ಮ ಜೇಬಿನ ಪೆನ್ನು ತೆಗೆದು
ಎಡಗೈ ಗವಸಿನ ಮೇಲೆ, ಒತ್ತಿ ಒತ್ತಿ,
ಕಾರಿನ ನಂಬರು ಬರೆದುಕೊಂಡಳು.
ಮತ್ತೆ ಅಂಗೈ ಎತ್ತಿದಳು. ದಾಟಿದೆವು.

ಮರುದಿನ ಹಾಜರಿ ಕೂಗುವ ಮೊದಲೇ
ಅಪಿಯೊ ನನ್ನ ಮೇಜಿನ ಹತ್ತಿರ ಬಂದಳು.
"ಅಮ್ಮ ಆ ಗವಸು ಒಗೀಲಿಲ್ಲ ಟೀಚರ್.
ಮಡಿಸಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಳು.
ಅದರಲ್ಲಿ ತುಂಬಾ ಇವೆ."
"ಎಷ್ಟು?"
ಬೆರಳು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.
"ನನಗೆ ಇಪ್ಪತ್ತರ ತನಕ ಮಾತ್ರ ಬರುತ್ತೆ."

ಹಲಗೆಯ ಮೇಲಿನ ಪ್ರಶ್ನೆಯನ್ನು ಒರೆಸದೆ
ಅದರ ಕೆಳಗೆ ಬರೆದೆ:
ಇಪ್ಪತ್ತೊಂದು. ಇಪ್ಪತ್ತೆರಡು.